ಒಂದು ಟೇಪು, ಒಂದು ತಕ್ಕಡಿ ಇದ್ರೆ ಸಾಕು: ಮನೆಯಲ್ಲೇ ಬಲ ಮತ್ತೆ ಪ್ರೆಶರ್ ಲೆಕ್ಕ ಹಾಕೋದು ಹೇಗೆ

ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ. ಹೈಸ್ಕೂಲಲ್ಲಿ ಎಲ್ರೂ ಬಾಯಿಪಾಠ ಮಾಡಿರ್ತೀವಿ, ಬರೆದು ಮಾರ್ಕ್ಸ್ ತಗೊಂಡಿರ್ತೀವಿ, ಆಮೇಲೆ ಅದರ ಕಡೆ ತಿರುಗಿ ನೋಡಿರಲ್ಲ. ಆದ್ರೆ ಶವರಲ್ಲಿ ನೀರು ಯಾಕೆ ಜಿನುಗತ್ತೆ, ಕುಕ್ಕರ್ ಮುಚ್ಚಳ ಯಾಕೆ ಒತ್ತಾಯ ಮಾಡಿ ತೆಗೀಬಾರ್ದು, ಬಾವಿ ಮೋಟರ್ ಮೇಲೆ ಇಟ್ರೆ ಯಾಕೆ ನೀರು ಎಳೆಯಲ್ಲ ಅಂತ ಕೇಳಿದ್ರೆ ಉತ್ತರ ಅದೇ ಒಂದು ಸಾಲಲ್ಲಿದೆ, ನಾವು ಅದಕ್ಕೆ ನಂಬರ್ ಹಾಕಿ ನೋಡಿಲ್ಲ ಅಷ್ಟೇ. ನಂಬರ್ ಹಾಕೋದು ಕಷ್ಟ ಏನಿಲ್ಲ, ಅಳತೆ ಟೇಪು, ಅಡುಗೆಮನೆ ತಕ್ಕಡಿ, ಮೊಬೈಲ್ ಕ್ಯಾಲ್ಕುಲೇಟರ್ ಇಟ್ಕೊಳ್ಳಿ, ಶುರು ಮಾಡೋಣ.

ಮೊದ್ಲು ಅಳತೆ ಯಾವ್ದರಲ್ಲಿ ಅಂತ ತೀರ್ಮಾನ ಆಗ್ಬೇಕು

ಪುಸ್ತಕದಲ್ಲಿ ಬಲಕ್ಕೆ ನ್ಯೂಟನ್, ಒತ್ತಡಕ್ಕೆ ಪಾಸ್ಕಲ್. 1 ಕೆಜಿ ಸಕ್ಕರೆ ಪ್ಯಾಕೆಟ್ಟನ್ನ ಭೂಮಿ ಕೆಳಗೆ ಎಳೆಯೋ ಬಲ 9.8 ನ್ಯೂಟನ್, ಅಂದ್ರೆ 1 ನ್ಯೂಟನ್ ಅಂದ್ರೆ ಹತ್ತಿರ ಹತ್ತಿರ 100 ಗ್ರಾಂ ಭಾರ. ಆ 1 ನ್ಯೂಟನ್ನನ್ನ 1 ಚದರ ಮೀಟರ್ ಪೂರ್ತಿ ಹರಡಿದ್ರೆ 1 ಪಾಸ್ಕಲ್. ತೀರಾ ಸಣ್ಣ ಅಳತೆ ಇದು, ಮನೆ ಕೆಲಸಕ್ಕೆ ಇದನ್ನ ಹಿಡ್ಕೊಂಡ್ರೆ ಬರೀ ಸೊನ್ನೆ ಎಣಿಸ್ತಾ ಕೂರ್ಬೇಕು.

ಅದಕ್ಕೇ ಪ್ಲಂಬರ್‌ಗಳು ಬಳಸೋ ಲೆಕ್ಕಾನೇ ನಾವೂ ಬಳಸೋಣ, "ಎರಡು ಕೆಜಿ ಪ್ರೆಶರ್ ಇದೆ ಸಾರ್" ಅಂತಾರಲ್ಲ ಅದು. 1 ಚದರ ಸೆಂಟಿಮೀಟರ್ ಜಾಗದ ಮೇಲೆ 1 ಕೆಜಿ ಭಾರ ಕೂತ್ರೆ 1 ಕೆಜಿ ಪ್ರೆಶರ್. ಅದು ಸುಮಾರು 98,000 ಪಾಸ್ಕಲ್, ಹೆಚ್ಚುಕಮ್ಮಿ 1 ಬಾರ್, ಪೆಟ್ರೋಲ್ ಬಂಕ್ ಲೆಕ್ಕದಲ್ಲಿ 14.2 ಪಿಎಸ್‌ಐ. ಇನ್ನೊಂದು ಅನುಕೂಲ ಏನಪ್ಪಾ ಅಂದ್ರೆ ನೀರು 10 ಮೀಟರ್ ಎತ್ತರ ನಿಂತ್ರೆ ಅದರ ಬುಡದಲ್ಲಿ ಸರಿಯಾಗಿ 1 ಕೆಜಿ ಪ್ರೆಶರ್, ಯಾಕಂದ್ರೆ 1 ಚದರ ಸೆಂಟಿಮೀಟರ್ ಪಾದದ 10 ಮೀಟರ್ ನೀರಿನ ಕಂಬ ಅಂದ್ರೆ 1,000 ಘನ ಸೆಂಟಿಮೀಟರ್, ಅಂದ್ರೆ 1 ಲೀಟರ್, ಅಂದ್ರೆ 1 ಕೆಜಿ. ನಮ್ಮ ತಲೆ ಮೇಲಿರೋ ಗಾಳಿನೂ ಸಮುದ್ರ ಮಟ್ಟದಲ್ಲಿ 1.03 ಕೆಜಿ ಪ್ರೆಶರ್ ಹಾಕತ್ತೆ. ಈ ಎರಡು ನೆನಪಿದ್ರೆ ಮುಂದಿನದ್ದೆಲ್ಲಾ ಬಾಯಲ್ಲೇ ಲೆಕ್ಕ ಆಗತ್ತೆ.

ಒಂದೇ ಬಲ, ಬೇರೆ ಬೇರೆ ಜಾಗ

ಹಳೇ ಪೇಪರ್ ಮೇಲೆ ಬರಿಗಾಲಲ್ಲಿ ನಿಂತು ಪೆನ್ಸಿಲಲ್ಲಿ ಪಾದದ ಸುತ್ತ ಗೆರೆ ಎಳ್ಕೊಳ್ಳಿ. ದೊಡ್ಡವರ ಪಾದ, ಮಧ್ಯದ ಕಮಾನು ಬಿಟ್ಟು, ಒಂದಕ್ಕೆ 170, 180 ಚದರ ಸೆಂಟಿಮೀಟರ್ ಬರ್ಬಹುದು. ಎರಡೂ ಸೇರಿ 350 ಅಂತ ಇಟ್ಕೊಳ್ಳಿ, ತೂಕ 60 ಕೆಜಿ ಇದ್ರೆ ನೆಲದ ಮೇಲೆ ನಿಮ್ಮ ಪ್ರೆಶರ್ 0.17 ಕೆಜಿ. ಅದೇ ಮನುಷ್ಯರು ಪೆನ್ಸಿಲ್ ಹೀಲ್ಸ್ ಹಾಕ್ಕೊಂಡು ನಡೆಯುವಾಗ ಒಂದು ಕ್ಷಣ ಅರ್ಧ ಭಾರ, 30 ಕೆಜಿ, ಒಂದೇ ಒಂದು ಚದರ ಸೆಂಟಿಮೀಟರ್ ಹಿಮ್ಮಡಿ ಮೇಲೆ ಬಿತ್ತು ಅಂದ್ರೆ 30 ಕೆಜಿ ಪ್ರೆಶರ್. ಕಾರಿನ ಟೈರಿಗೂ ಅಷ್ಟು ಇರಲ್ಲ, ಮರದ ಫ್ಲೋರಿಂಗಲ್ಲಿ ಗುಳಿ ಬೀಳೋದಕ್ಕೆ ಕಾರಣ ಇದು. ಮನುಷ್ಯರ ಭಾರ ಬದಲಾಗಿಲ್ಲ, ಜಾಗ ಬದಲಾಯ್ತು ಅಷ್ಟೇ.

ಈಳಿಗೆಮಣೆಯದ್ದೂ ಇದೇ ಕಥೆ. ಅಲಗು 0.1 ಮಿಲಿಮೀಟರ್ ದಪ್ಪ, ಕ್ಯಾರೆಟ್ ಮೇಲೆ 3 ಸೆಂಟಿಮೀಟರ್ ಉದ್ದ ತಾಗ್ತಿದೆ ಅಂದ್ಕೊಳ್ಳಿ, ವಿಸ್ತೀರ್ಣ 0.03 ಚದರ ಸೆಂಟಿಮೀಟರ್. ಕೈಯಲ್ಲಿ 2 ಕೆಜಿ ಭಾರದಷ್ಟು ಒತ್ತಿದ್ರೆ ಅಲ್ಲಿ 66 ಕೆಜಿ ಪ್ರೆಶರ್. ಅಲಗು ಮೊಂಡಾಗಿ ಅರ್ಧ ಮಿಲಿಮೀಟರ್ ಆಯ್ತು ಅಂದ್ರೆ ಅದೇ ಕೈ ಬಲಕ್ಕೆ 13 ಕೆಜಿ ಮಾತ್ರ, ಕೊಯ್ಯಬೇಕು ಅಂದ್ರೆ ಐದು ಪಟ್ಟು ಬಲ ಹಾಕ್ಬೇಕು, ಅಷ್ಟು ಬಲ ಹಾಕಿದಾಗ ತರಕಾರಿ ಜಾರಿದ್ರೆ ಹೋಗೋದು ಬೆರಳಿಗೇ. ಮೊಂಡು ಚಾಕು ಸೇಫ್ ಅಂತ ಮಕ್ಕಳ ಕೈಗೆ ಕೊಡೋರು ಇದೊಂದು ಸಲ ಲೆಕ್ಕ ಹಾಕಿ ನೋಡಿ.

ಟ್ಯಾಂಕು, ನಲ್ಲಿ, ಶವರ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಇಲ್ಲೇ ಜನ ಸುಮ್ನೆ ದುಡ್ಡು ಕಳ್ಕೊಳ್ಳೋದು. ಶವರಲ್ಲಿ ಫೋರ್ಸ್ ಇಲ್ಲ ಅಂತ 500 ಲೀಟರ್ ಟ್ಯಾಂಕ್ ತೆಗ್ದು 1,000 ಲೀಟರಿಂದು ಕೂರಿಸ್ತಾರೆ, ಫೋರ್ಸ್ ಎಷ್ಟಿತ್ತೋ ಅಷ್ಟೇ. ನಿಂತ ನೀರಿನ ಪ್ರೆಶರ್‌ಗೆ ಟ್ಯಾಂಕ್ ಎಷ್ಟು ಅಗಲ, ಎಷ್ಟು ಲೀಟರ್ ಅನ್ನೋದು ಬೇಕಾಗೇ ಇಲ್ಲ, ನೀರಿನ ಮೇಲ್ಮೈಯಿಂದ ನಲ್ಲಿ ಬಾಯಿವರೆಗೆ ನೇರ ಎತ್ತರ ಎಷ್ಟು ಅನ್ನೋದೊಂದೇ ಬೇಕು. ಪೈಪು ಅಡ್ಡಡ್ಡ ಎಷ್ಟೇ ಸುತ್ತಿಕೊಂಡು ಬಂದಿರ್ಲಿ, ಎತ್ತರ ಮಾತ್ರ ಲೆಕ್ಕ.

ಅಳೆಯೋದು ಹೀಗೆ. ಒಂದಂತಸ್ತಿನ ಮನೆ ಅಂದ್ಕೊಳ್ಳಿ, ನೆಲದಿಂದ ಸೀಲಿಂಗ್ 10 ಅಡಿ, ಸ್ಲ್ಯಾಬ್ ಅರ್ಧ ಅಡಿ, ಟ್ಯಾಂಕ್ ಕೂತಿರೋ ಕಟ್ಟೆ 1 ಅಡಿ, ಟ್ಯಾಂಕಲ್ಲಿ ನೀರು 3 ಅಡಿ, ಒಟ್ಟು ಹದಿನಾಲ್ಕೂವರೆ. ಅದರಲ್ಲಿ ಶವರ್ ಎತ್ತರ 7 ಅಡಿ ಕಳೀರಿ, ಉಳಿದದ್ದು ಏಳೂವರೆ ಅಡಿ, ಅಂದ್ರೆ 2.3 ಮೀಟರ್. 10 ಮೀಟರ್‌ಗೆ 1 ಕೆಜಿ ಆದ್ರೆ ಇದಕ್ಕೆ 0.23 ಕೆಜಿ. ಟ್ಯಾಂಕ್ ತಳ ಕಾಣ್ತಾ ಬಂದಾಗ ಅದೂ 0.14ಕ್ಕೆ ಇಳಿಯತ್ತೆ. ಹೋಟೆಲಲ್ಲಿ ನೋಡ್ಕೊಂಡು ಬಂದ ದೊಡ್ಡ ತಟ್ಟೆ ಶವರ್ ತಂದು ಇದಕ್ಕೆ ಸಿಗಿಸಿದ್ರೆ ಮಳೆ ನಿಂತ ಮೇಲೆ ಹಂಚಿಂದ ತೊಟ್ಟಿಕ್ಕೋ ಥರ ಬರತ್ತೆ ಬಿಡಿ. ಅದೇ ಮನೆ ಮೇಲೆ ಇನ್ನೊಂದು ಅಂತಸ್ತು ಇದ್ದು ಟ್ಯಾಂಕ್ ಅದರ ಮೇಲಿದ್ರೆ ಕೆಳಗಿನ ಶವರಿಗೆ 18 ಅಡಿ, 0.55 ಕೆಜಿ, ಪರ್ವಾಗಿಲ್ಲ ಅನ್ನೋ ಹಾಗಿರತ್ತೆ. ಪೂರ್ತಿ 1 ಕೆಜಿ ಬೇಕು ಅಂದ್ರೆ 33 ಅಡಿ ಎತ್ತರ ಬೇಕು. ವಾಷಿಂಗ್ ಮೆಷೀನ್, ಇನ್‌ಸ್ಟಂಟ್ ಗೀಸರ್ ತಗೊಳ್ಳುವಾಗ ಅದರ ಮ್ಯಾನ್ಯುಯಲ್‌ನಲ್ಲಿ ಕನಿಷ್ಠ ಪ್ರೆಶರ್ ಬರೆದಿರ್ತಾರೆ, ಮೆಗಾಪಾಸ್ಕಲ್‌ನಲ್ಲಿ ಇದ್ರೆ ಹೆದರ್ಬೇಡಿ, 0.1 ಮೆಗಾಪಾಸ್ಕಲ್ ಅಂದ್ರೆ ಸುಮಾರು 1 ಕೆಜಿ, 10 ಮೀಟರ್ ನೀರು. ಅಂಗಡಿಗೆ ಹೋಗೋಕೆ ಮುಂಚೆ ಟೇಪ್ ಹಿಡಿದು ನೋಡ್ಕೊಂಡು ಹೋಗಿ.

ಎತ್ತರ ಸಾಕಷ್ಟಿದ್ರೂ ನೀರು ಬರ್ತಿಲ್ಲ ಅಂದ್ರೆ? ಆಗ ಗಾರೆ ಕೆಲಸದವರ ಲೆವೆಲ್ ಪೈಪ್ ತಗೊಳ್ಳಿ, ಆ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಒಂದು ತುದಿ ನಲ್ಲಿಗೆ ಬಿಗಿಯಾಗಿ ಸಿಕ್ಕಿಸಿ ಕ್ಲಿಪ್ ಹಾಕಿ, ಇನ್ನೊಂದು ತುದಿ ಹಿಡ್ಕೊಂಡು ಒಬ್ರು ಟೆರೇಸ್ ಮೇಲೆ ಹೋಗಿ ನಿಂತ್ಕೊಳ್ಳಿ, ನಲ್ಲಿ ತಿರುಗಿಸಿ. ನೀರು ಪೈಪಲ್ಲಿ ಏರ್ತಾ ಏರ್ತಾ ಟ್ಯಾಂಕಿನ ನೀರಿನ ಮಟ್ಟಕ್ಕೆ ಬಂದು ನಿಂತ್ಕೊಳ್ಳತ್ತೆ. ಆ ಎತ್ತರವೇ ನಿಮ್ಮ ಪ್ರೆಶರ್ ಮೀಟರ್. ಅಷ್ಟು ಎತ್ತರ ಏರ್ತು, ಆದ್ರೂ ನಲ್ಲಿ ಬಿಟ್ರೆ ಸಣ್ಣಗೆ ಬರತ್ತೆ ಅಂದ್ರೆ ಪ್ರೆಶರ್‌ದು ತಪ್ಪಲ್ಲ, ದಾರಿಯಲ್ಲಿ ಅಡ್ಡ ಇದೆ ಅಂತ ಅರ್ಥ, ನಿಂತಿದ್ದಾಗ ಇರೋ ಪ್ರೆಶರ್ ಹರಿಯೋಕೆ ಶುರು ಮಾಡಿದ ತಕ್ಷಣ ಪೈಪಿನ ಗೋಡೆಗೆ ಉಜ್ಜಿ ಉಜ್ಜಿ ಕಳ್ದುಹೋಗ್ತಿದೆ. ನಲ್ಲಿ ಬಾಯಲ್ಲಿರೋ ಜಾಲರಿ ಬಿಚ್ಚಿ ತೊಳೀರಿ, ಬೋರ್‌ವೆಲ್ ನೀರಾದ್ರೆ ಶವರ್ ತೂತುಗಳಲ್ಲಿ ಬಿಳೀ ಸುಣ್ಣ ಕೂತಿರತ್ತೆ ಅದನ್ನ ನಿಂಬೆಹುಳಿಲಿ ನೆನೆಸಿ ತೆಗೀರಿ, ಅರ್ಧ ತಿರುಗಿ ನಿಂತಿರೋ ಗೇಟ್ ವಾಲ್ವ್ ನೋಡಿ. ಎರಡನೇ ನಲ್ಲಿ ಬಿಟ್ಟ ತಕ್ಷಣ ಮೊದಲನೇದು ಸತ್ತೋಗತ್ತೆ ಅಂದ್ರೆ ಟ್ಯಾಂಕಿಂದ ಇಳಿಯೋ ಮುಖ್ಯ ಪೈಪೇ ಚಿಕ್ಕದು. ಇದಕ್ಕೆಲ್ಲಾ ಪಂಪ್ ಹಾಕೋ ಅಗತ್ಯ ಇಲ್ಲ.

ಹಾಗಂತ ದೊಡ್ಡ ಟ್ಯಾಂಕಿಗೂ ಚಿಕ್ಕದಕ್ಕೂ ವ್ಯತ್ಯಾಸ ಇಲ್ಲ ಅಂತಲ್ಲ, ಪ್ರೆಶರ್ ಒಂದೇ ಇದ್ರೂ ಸ್ಲ್ಯಾಬ್ ಮೇಲೆ ಬೀಳೋ ಒಟ್ಟು ಬಲ ಬೇರೆ. 1,000 ಲೀಟರ್ ಅಂದ್ರೆ ಒಂದು ಟನ್ ನೀರು, ಅದನ್ನ ಸ್ಲ್ಯಾಬಿನ ನಟ್ಟನಡುವೆ ಇಡೋ ಬದ್ಲು ಗೋಡೆ ಅಥವಾ ಬೀಮ್ ಮೇಲೆ ಇಡಿ ಅಂತ ಮೇಸ್ತ್ರಿ ಹೇಳೋದು ಅದಕ್ಕೇ.

ಇದನ್ನೇ ದೊಡ್ಡದಾಗಿ ನೋಡ್ಬೇಕಾ, ಕೆಆರ್‌ಎಸ್ ನೋಡಿ. ಡ್ಯಾಂ ತುಂಬಿದಾಗ 124.80 ಅಡಿ ಅಂತ ಪ್ರತಿ ಮಳೆಗಾಲ ನ್ಯೂಸಲ್ಲಿ ಬರತ್ತಲ್ಲ, ಅದು 38 ಮೀಟರ್. ಅಷ್ಟು ಆಳದಲ್ಲಿ 3.8 ಕೆಜಿ ಪ್ರೆಶರ್, ಅಂದ್ರೆ ಕಟ್ಟೆಯ ಬುಡದ ಒಂದೊಂದು ಚದರ ಮೀಟರ್ ಮೇಲೂ 38 ಟನ್ ತಳ್ಳಾಟ. ಹಿನ್ನೀರು ಎಷ್ಟು ದೂರ ಹರಡಿದೆ ಅನ್ನೋದು ಇಲ್ಲೂ ಲೆಕ್ಕಕ್ಕಿಲ್ಲ, ಆಳ ಅಷ್ಟೇ, ಅದಕ್ಕೇ ಯಾವ ಕಟ್ಟೆ ನೋಡಿದ್ರೂ ಮೇಲೆ ತೆಳ್ಳಗೆ ಬುಡ ದಪ್ಪ.

ಕುಕ್ಕರ್ ವೆಯ್ಟು ತೂಗಿ ನೋಡಿ

ಕುಕ್ಕರ್ ತಣ್ಣಗಿದ್ದಾಗ ವೆಯ್ಟ್ ತೆಗ್ದು ತಕ್ಕಡಿ ಮೇಲಿಡಿ. ಆಮೇಲೆ ಅದು ಕೂರೋ ಹಬೆ ಕೊಳವೆಯ ತೂತಿನ ಅಡ್ಡಳತೆ ನೋಡಿ, ಡ್ರಿಲ್ ಬಿಟ್‌ನ ಹಿಂಭಾಗ ಇಟ್ಟು ಸೈಜ್ ಹಿಡೀಬಹುದು. ಉದಾಹರಣೆಗೆ ವೆಯ್ಟ್ 80 ಗ್ರಾಂ, ತೂತು 3.2 ಮಿಲಿಮೀಟರ್ ಅಂತ ಬಂತು ಅಂದ್ಕೊಳ್ಳಿ. ತೂತಿನ ವಿಸ್ತೀರ್ಣ 0.08 ಚದರ ಸೆಂಟಿಮೀಟರ್, ಅದರ ಮೇಲೆ 0.08 ಕೆಜಿ, ಭಾಗಿಸಿದ್ರೆ ಸರಿಯಾಗಿ 1 ಕೆಜಿ ಪ್ರೆಶರ್. ಒಳಗಿನ ಹಬೆ ಅಷ್ಟಕ್ಕೆ ಬಂದ ತಕ್ಷಣ ವೆಯ್ಟನ್ನ ಎತ್ತಿ ಹೊರಗೆ ನುಗ್ಗತ್ತೆ, ವಿಷಲ್ ಹೊಡೆಯತ್ತೆ, ಪ್ರೆಶರ್ ಇಳಿಯತ್ತೆ, ವೆಯ್ಟ್ ವಾಪಸ್ ಕೂರತ್ತೆ. ಮನೆ ಕುಕ್ಕರ್‌ಗಳು ಸಾಮಾನ್ಯವಾಗಿ ಕೆಲಸ ಮಾಡೋದು ಈ 1 ಕೆಜಿ ಸುತ್ತಮುತ್ತಾನೇ. ಒಂದು ಕಂಪನಿಯ ವೆಯ್ಟ್ ಇನ್ನೊಂದು ಕುಕ್ಕರಿಗೆ ಹಾಕಬೇಡಿ ಅನ್ನೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ತೂತಿನ ಸೈಜಿಗೆ ತಕ್ಕ ವೆಯ್ಟ್ ಅದು.

ಈಗ ಅದೇ 1 ಕೆಜಿ ಪ್ರೆಶರ್ ಮುಚ್ಚಳಕ್ಕೆ ಏನು ಮಾಡ್ತಿದೆ ನೋಡಿ. ಮುಚ್ಚಳದ ಅಡ್ಡಳತೆ 20 ಸೆಂಟಿಮೀಟರ್ ಇದ್ರೆ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಒಂದೊಂದರ ಮೇಲೂ 1 ಕೆಜಿ, ಒಟ್ಟು 314 ಕೆಜಿ ಬಲ ಮುಚ್ಚಳವನ್ನ ಮೇಲಕ್ಕೆ ತಳ್ತಿದೆ. 50 ಕೆಜಿ ಅಕ್ಕಿ ಮೂಟೆ ಆರು, ಅಷ್ಟು ಭಾರ. 80 ಗ್ರಾಂ ವೆಯ್ಟೂ ಮೂರು ಕ್ವಿಂಟಾಲ್ ತಳ್ಳಾಟವೂ ಒಂದೇ ಪ್ರೆಶರಿನ ಎರಡು ಮುಖ, ಜಾಗ ಬೇರೆ ಅಷ್ಟೇ. ಹಬೆ ಇನ್ನೂ ಇರುವಾಗ ಹಿಡಿ ಹಿಡಿದು ಗುದ್ದಾಡಿ ಮುಚ್ಚಳ ತಿರುಗಿಸೋರು ಈ 314ನ್ನ ನೆನಪಿಟ್ಕೋಬೇಕು. ಹತ್ತನೇ ಒಂದು ಭಾಗ ಪ್ರೆಶರ್ ಉಳಿದಿದ್ರೂ 31 ಕೆಜಿ. ಒಳಮುಚ್ಚಳದ ಕುಕ್ಕರಲ್ಲಿ ಹಬೆನೇ ಮುಚ್ಚಳವನ್ನ ಅಂಚಿಗೆ ಒತ್ತಿ ಹಿಡಿದಿರತ್ತೆ, ಪ್ರೆಶರ್ ಇಳಿಯೋವರೆಗೆ ಅದು ತೆಗ್ಯೋಕೇ ಬರಲ್ಲ, ಹೊರಮುಚ್ಚಳದ್ದರಲ್ಲಿ ಹಿಡಿಯ ಲಾಕ್ ಮೇಲೆ ಎಲ್ಲಾ ಭಾರ. ಅರ್ಜೆಂಟ್ ಇದ್ರೆ ಸಿಂಕಲ್ಲಿಟ್ಟು ಮುಚ್ಚಳದ ಮೇಲೆ ತಣ್ಣೀರು ಬಿಡಿ, ಹಬೆ ನೀರಾಗಿ ಪ್ರೆಶರ್ ಬೇಗ ಇಳಿಯತ್ತೆ. ಬೇಳೆ ಹಾಕಿದಾಗ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನೊರೆ ಆ ಸಣ್ಣ ತೂತಿಗೆ ಹೋಗಿ ಕಟ್ಕೊಂಡ್ರೆ ವೆಯ್ಟ್ ಎಷ್ಟು ಗ್ರಾಂ ಇದ್ದು ಏನು ಪ್ರಯೋಜನ, ಆಗ ಉಳಿಯೋದು ಸೇಫ್ಟಿ ವಾಲ್ವ್ ಒಂದೇ. ಅದರೊಳಗಿನ ಮಿಶ್ರಲೋಹ ಬಿಸಿ ಮಿತಿ ಮೀರಿದ್ರೆ ಕರಗಿ ದಾರಿ ಬಿಡತ್ತೆ. ಅದು ಹೋದ್ರೆ ಹೊಸದು ಹಾಕ್ಸಿ, ದಯವಿಟ್ಟು ಮೊಳೆನೋ ಸ್ಕ್ರೂನೋ ಜಡೀಬೇಡಿ.

ಪ್ರೆಶರ್ ಜಾಸ್ತಿ ಆದ್ರೆ ನೀರು ಕುದಿಯೋ ಬಿಸಿನೂ ಮೇಲೇರತ್ತೆ. ಮಂಗಳೂರಲ್ಲಿ ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯೋ ನೀರು ಬೆಂಗಳೂರಲ್ಲಿ 97ರ ಹತ್ರ ಕುದಿಯತ್ತೆ, ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದ್ರಿಂದ ಗಾಳಿ ಪ್ರೆಶರ್ ಅಲ್ಲಿ 0.93 ಕೆಜಿ ಅಷ್ಟೇ. ಕುಕ್ಕರ್ ಮುಚ್ಚಿದ್ರೆ ಅದರ ಮೇಲೆ ಇನ್ನೂ 1 ಕೆಜಿ ಸೇರಿ ಮಂಗಳೂರಲ್ಲಿ 120 ಡಿಗ್ರಿ, ಬೆಂಗಳೂರಲ್ಲಿ ಒಂದೆರಡು ಡಿಗ್ರಿ ಕಮ್ಮಿ. ಬೇಳೆ ಬೇಯೋದು ಆ ಹೆಚ್ಚುವರಿ ಇಪ್ಪತ್ತು ಡಿಗ್ರಿಯಿಂದ, ವಿಷಲ್ ಸೌಂಡಿಂದ ಅಲ್ಲ, ಹಾಗಾಗಿ ವಿಷಲ್ ಶುರುವಾದ ಮೇಲೆ ಉರಿ ಸಣ್ಣ ಮಾಡಿದ್ರೆ ಗ್ಯಾಸ್ ಉಳಿಯತ್ತೆ, ಬೇಯೋದೇನೂ ಕಮ್ಮಿ ಆಗಲ್ಲ.

ನ್ಯೂಸ್‌ಪೇಪರಲ್ಲಿ ಕಾರು ತೂಗೋದು

ಇದು ನಂಗೆ ತುಂಬ ಇಷ್ಟದ್ದು, ಮಕ್ಕಳ ಜೊತೆ ಮಾಡಿ. ಕಾರನ್ನ ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಸಿ ಹ್ಯಾಂಡ್‌ಬ್ರೇಕ್ ಹಾಕಿ. ಒಂದು ಟೈರಿನ ಮುಂದೆ, ಹಿಂದೆ, ಎಡ, ಬಲ ನಾಲ್ಕೂ ಕಡೆಯಿಂದ ಪೇಪರ್ ಹಾಳೆ ಕೆಳಗೆ ತಳ್ಳಿ, ಇನ್ನು ಹೋಗಲ್ಲ ಅನ್ನೋವರೆಗೆ. ಮಧ್ಯ ಉಳಿಯೋ ಆಯತವೇ ಟೈರ್ ನೆಲ ಮುಟ್ಟಿರೋ ಜಾಗ. 15 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಉದ್ದ ಬಂತು ಅನ್ನಿ, 120 ಚದರ ಸೆಂಟಿಮೀಟರ್. ಗಾಳಿ 33 ಪಿಎಸ್‌ಐ ಹಾಕಿಸಿದ್ರೆ 14.2ರಿಂದ ಭಾಗಿಸಿ 2.32 ಕೆಜಿ. ಗುಣಿಸಿದ್ರೆ 278 ಕೆಜಿ ಆ ಚಕ್ರದ ಮೇಲಿದೆ. ನಾಲ್ಕೂ ಚಕ್ರಕ್ಕೆ ಮಾಡಿ ಕೂಡಿಸಿ, ಆರ್‌ಸಿಯಲ್ಲಿರೋ ಖಾಲಿ ಗಾಡಿ ತೂಕದ ಜೊತೆ ಹೋಲಿಸಿ. ಟೈರಿನ ಪಕ್ಕದ ಗೋಡೆಗೂ ಸ್ವಲ್ಪ ಗಟ್ಟಿತನ ಇರತ್ತೆ, ಟೈರಿನ ಮಧ್ಯದ ತೋಡುಗಳು ನೆಲ ಮುಟ್ಟಿರಲ್ಲ, ಹಾಗಾಗಿ ಕರಾರುವಾಕ್ಕಾಗಿ ಬರಲ್ಲ, ಆದ್ರೆ ಒಂದು ಟನ್ ಗಾಡಿ ನಿಂತಿರೋದು ನಾಲ್ಕು ಅಂಗೈಯಷ್ಟು ಜಾಗದ ಮೇಲೆ ಅನ್ನೋದು ಕಣ್ಣಿಗೆ ಕಾಣತ್ತೆ. ಗಾಳಿ ಇಳಿದ್ರೆ ಅದೇ ಭಾರ ಹೊರೋಕೆ ಟೈರ್ ಚಪ್ಪಟೆಯಾಗಿ ಜಾಗ ಜಾಸ್ತಿ ಮಾಡ್ಕೊಳ್ಳತ್ತೆ, ಉರುಳುವಾಗ ಮಡಚಿ ಬಿಡಿಸಿ ಬಿಸಿಯಾಗತ್ತೆ, ಮೈಲೇಜ್ ಕುಡಿಯತ್ತೆ. ಗಾಳಿ ಚೆಕ್ ಮಾಡೋದು ಯಾವಾಗ್ಲೂ ಟೈರ್ ತಣ್ಣಗಿರುವಾಗ, ಓಡಿ ಬಿಸಿಯಾದ ಟೈರಲ್ಲಿ ಮೀಟರ್ ಜಾಸ್ತಿ ತೋರಿಸತ್ತೆ. ಅಂದಹಾಗೆ ಆ ಮೀಟರ್ ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ, ಪಂಚರ್ ಆಗಿ ಸೊನ್ನೆ ತೋರಿಸ್ತಿರೋ ಟೈರಲ್ಲೂ ಹೊರಗಿನಷ್ಟೇ ಗಾಳಿ ಪ್ರೆಶರ್ ಇದ್ದೇ ಇರತ್ತೆ.

ಕೆಸರು ಗದ್ದೆ ಉಳುವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್, ಅಂದ್ರೆ ಪಂಜರದಂಥ ಕಬ್ಬಿಣದ ಚಕ್ರ, ಕಟ್ಟೋದೂ ಜಾಗ ಜಾಸ್ತಿ ಮಾಡಿ ಪ್ರೆಶರ್ ಇಳಿಸೋಕೇ, ಇಲ್ದಿದ್ರೆ ಹೂತೇ ಹೋಗತ್ತೆ.

ಬಾವಿ ಮೋಟರ್ ಎಲ್ಲಿಡ್ಬೇಕು, ಪೈಪ್ ಯಾವ್ದು ತರ್ಬೇಕು

ಎಳನೀರಿಗೆ ಸ್ಟ್ರಾ ಹಾಕಿ ಹೀರಿದಾಗ ನಾವು ನೀರನ್ನ ಎಳೆಯಲ್ಲ, ಬಾಯೊಳಗೆ ಪ್ರೆಶರ್ ಕಮ್ಮಿ ಮಾಡ್ತೀವಿ ಅಷ್ಟೇ, ಮೇಲೆ ತಳ್ಳೋದು ಹೊರಗಿನ ಗಾಳಿ. ದಡದ ಮೇಲಿರೋ ಸಾದಾ ಮೋನೋಬ್ಲಾಕ್ ಮೋಟರ್ ಮಾಡೋದೂ ಅದನ್ನೇ. ಗಾಳಿಗೆ ಇರೋದೇ 1.03 ಕೆಜಿ, ಅದು ಎತ್ತಬಲ್ಲದ್ದು 10.3 ಮೀಟರ್ ನೀರು, ಅದಕ್ಕಿಂತ ಒಂದು ಇಂಚೂ ಹೆಚ್ಚಿಲ್ಲ, ನೀವು 1 ಎಚ್‌ಪಿ ಬದ್ಲು 10 ಎಚ್‌ಪಿ ಹಾಕಿ. ಬೆಂಗಳೂರು, ಕೋಲಾರದಂಥ ಎತ್ತರದ ಕಡೆ ಅದೂ 9.3 ಮೀಟರ್‌ಗೆ ಇಳಿಯತ್ತೆ. ಪೈಪಿನ ಉಜ್ಜಾಟ, ಜಾಯಿಂಟಲ್ಲಿ ನುಸುಳೋ ಗಾಳಿ ಎಲ್ಲಾ ಕಳೆದ್ರೆ ಕೈಗೆ ಸಿಗೋದು 7 ಮೀಟರ್, 23 ಅಡಿ. ಬೇಸಿಗೇಲಿ ಬಾವಿ ನೀರು ಇಳಿದಂಗೆಲ್ಲಾ ಮೋಟರನ್ನ ಬಾವಿಯೊಳಗಿನ ಕಟ್ಟೆಗೆ ಇಳಿಸ್ತಾ ಹೋಗೋದು ಅದಕ್ಕೇ. ಮೋಟರ್ ತಿರುಗ್ತಿದೆ ನೀರಿಲ್ಲ ಅಂದ್ರೆ ಮೊದ್ಲು ನೀರಿನ ಮಟ್ಟದಿಂದ ಮೋಟರಿಗೆ ಎಷ್ಟು ಅಡಿ ಅಂತ ಹಗ್ಗ ಬಿಟ್ಟು ಅಳೀರಿ, 23ಕ್ಕಿಂತ ಕಮ್ಮಿ ಇದ್ರೆ ಮಾತ್ರ ಫುಟ್ ವಾಲ್ವು (ನೀರೊಳಗಿನ ಪೈಪ್ ತುದಿಯಲ್ಲಿರೋ ವಾಲ್ವು), ಜಾಯಿಂಟು ಅಂತ ಹುಡುಕೋಕೆ ಹೋಗಿ.

ತಳ್ಳೋ ವಿಷಯಕ್ಕೆ ಈ ಮಿತಿ ಇಲ್ಲ. ಸಬ್‌ಮರ್ಸಿಬಲ್ ನೀರೊಳಗೇ ಕೂತು ತಳ್ಳತ್ತೆ, ಆದ್ರೆ ತಳ್ಳೋ ಪ್ರತಿ 33 ಅಡಿಗೂ ಪೈಪಿನ ಬುಡದಲ್ಲಿ 1 ಕೆಜಿ ಏರ್ತಾ ಹೋಗತ್ತೆ. 300 ಅಡಿ ಎತ್ತಿದ್ರೆ 9 ಕೆಜಿ, 600 ಅಡಿಗೆ 18 ಕೆಜಿ. ಅಂಗಡಿಯಲ್ಲಿ 4 ಕೆಜಿ ಪೈಪ್, 6 ಕೆಜಿ ಪೈಪ್, 10 ಕೆಜಿ ಪೈಪ್ ಅಂತ ಕೇಳ್ತಾರಲ್ಲ, ಅದು ಪೈಪಿನ ತೂಕ ಅಲ್ಲ, ತಡ್ಕೊಳ್ಳೋ ಪ್ರೆಶರ್. ಬಾವಿಯಿಂದ ಗುಡ್ಡದ ಮೇಲಿನ ಅಡಿಕೆ ತೋಟಕ್ಕೆ 130 ಅಡಿ ಏರಿಸ್ಬೇಕು ಅಂದ್ರೆ ಕೆಳಗಡೆ 4 ಕೆಜಿ ಆಗ್ಲೇ ಬಂತು, ಮೇಲೆ ಪೈಪಿನ ಉಜ್ಜಾಟ ಬೇರೆ, ಕರೆಂಟ್ ಫಕ್ಕನೆ ಹೋದಾಗ ಮೇಲಿನ ನೀರು ವಾಪಸ್ ಬಂದು ಗುದ್ದೋ ಏಟು ಬೇರೆ, ಅಲ್ಲಿ 4 ಕೆಜಿ ಪೈಪ್ ಹಾಕಿದ್ರೆ ಒಡೆಯತ್ತೆ, 6 ಕೆಜಿದು ತಗೊಳ್ಳಿ. ಮೇಲೆ ಹೋಗ್ತಾ ಹೋಗ್ತಾ ಪ್ರೆಶರ್ ಇಳಿಯೋದ್ರಿಂದ ಗುಡ್ಡದ ಅರ್ಧ ದಾಟಿದ ಮೇಲೆ 4 ಕೆಜಿದೇ ಸಾಕು, ಅಷ್ಟು ದುಡ್ಡು ಉಳೀತು.